ಕೆಳದಿಯ ದತ್ತುಸಂತಾನವೂ ನೂತನ ಜೀವವಿಜ್ಞಾನವೂ

ಮಕ್ಕಳಿಲ್ಲದಿರುವುದು ಸಾಮಾನ್ಯ ಗೃಹಸ್ಥನಿಗೆ ಮನೆಯೊಳಗಣ ದುಃಖ. ಅರಸುಮನೆಗಾದರೋ ಅದು ರಾಜ್ಯದ ಅಳಿವು ಉಳಿವಿನ ಪ್ರಶ್ನೆ. ‘ಈ ಕೂಸು ಯಾರದು?’ ಎಂಬ ಮಾತಿಗೆ ಪ್ರಯೋಗಶಾಲೆಗಳು ಹೊಸ ಉತ್ತರವನ್ನು ಹುಡುಕುತ್ತಿರುವಾಗ, ನಮ್ಮ ಸೀಮೆಯು ಹಿಂದೆ ಕೊಟ್ಟ ಉತ್ತರಗಳನ್ನು ನೆನೆಯುವುದು ಅನುಚಿತವಾಗಲಾರದು.

ಸಾಗರದ ಕೆಳದಿ, ಇಕ್ಕೇರಿಗಳಲ್ಲಿ ತಲೆಯೆತ್ತಿ, ಈಗಿನ ಹೊಸನಗರ ತಾಲ್ಲೂಕಿನ ಬಿದನೂರಿನಲ್ಲಿ ನೆಲೆಗೊಂಡ ನಾಯಕರ ವಂಶವಿದೆಯಷ್ಟೆ. 1671ರ ಸುಮಾರಿನಲ್ಲಿ ಸೋಮಶೇಖರನಾಯಕನು ಕೊಲೆಗೀಡಾಗಲು, ಮಕ್ಕಳಿಲ್ಲದ ರಾಣಿ ಚೆನ್ನಮ್ಮಾಜಿಯ ಮೇಲೆ ಬಿಜಾಪುರದ ದಂಡು ಬಂದಿತು. ಆಕೆ ತೀರ್ಥಹಳ್ಳಿಯ ಕಡೆಯ ಭುವನಗಿರಿ ದುರ್ಗವನ್ನು, ಎಂದರೆ ಕವಲೇದುರ್ಗವನ್ನು, ಆಶ್ರಯಿಸಿದಳು. ಮುಂದೆ ಸುಮಾರು 25 ವರ್ಷ ರಾಜ್ಯವಾಳಿದಳು. ಬಸಪ್ಪನೆಂಬ ಬಾಲಕನನ್ನು ದತ್ತು ತೆಗೆದುಕೊಂಡಳು. 1709ರಲ್ಲಿ ‘ಶಿವತತ್ತ್ವರತ್ನಾಕರ’ವೆಂಬ ಸಂಸ್ಕೃತ ವಿಶ್ವಕೋಶವನ್ನು ರಚಿಸಿದ ದೊರೆಯು ಈತನೇ. ಹೆತ್ತ ಮಗನಿಂದ ವಂಶಕ್ಕೆ ಇದಕ್ಕಿಂತ ಹೆಚ್ಚಿನ ಕೀರ್ತಿ ಬರುತ್ತಿತ್ತೆಂದು ನನಗೆ ತೋರುವುದಿಲ್ಲ.

ವೀರಮ್ಮಾಜಿಯ ಕಾಲಕ್ಕೆ ಅದೇ ದತ್ತಕವು ಮುಳುವಾಯಿತು. ಇಮ್ಮಡಿ ಬಸಪ್ಪನಾಯಕನ ದತ್ತುಪುತ್ರನಾದ ಚೆನ್ನಬಸಪ್ಪನು 1757ರಲ್ಲಿ ಮಡಿದನು. ರಾಣಿಯೇ ಕೊಲ್ಲಿಸಿದಳೆಂಬ ಅಪವಾದವೂ ಹುಟ್ಟಿತು. ಆಕೆ ಸೋಮಶೇಖರನೆಂಬ ಮತ್ತೊಬ್ಬನನ್ನು ದತ್ತು ತೆಗೆದುಕೊಂಡಳು. ಅಷ್ಟರಲ್ಲಿ ‘ಚೆನ್ನಬಸಪ್ಪನು ನಾನೇ, ಸತ್ತಿಲ್ಲ’ ಎಂದುಕೊಂಡು ಒಬ್ಬನು ಹೈದರಾಲಿಯ ಮೊರೆಹೊಕ್ಕನು. ಹೈದರನಿಗೆ ಬೇಕಾಗಿದ್ದುದು ನೆಪ. 1763ರಲ್ಲಿ ಬಿದನೂರು ಬಿದ್ದಿತು. ರಾಣಿಗೂ ದತ್ತುಪುತ್ರನಿಗೂ ಮಧುಗಿರಿಯ ಸೆರೆಯಾಯಿತು. ಮೊರೆಹೊಕ್ಕವನಿಗೂ ಪಟ್ಟವಾಗಲಿಲ್ಲ!

ಇನ್ನು ವಿಜ್ಞಾನದ ಮಾತು. ಜಪಾನಿನ ಯಾಮನಕರು 2006ರಲ್ಲಿ ಇಲಿಯ ಬೆಳೆದ ಕೋಶಗಳನ್ನು, ಯಾವ ಅಂಗವಾಗಿಯಾದರೂ ಬೆಳೆಯಬಲ್ಲ ಆಕರಕೋಶಗಳನ್ನಾಗಿ ತಿರುಗಿಸಿದರು. 2012ರಲ್ಲಿ ಕ್ಯೋಟೋ ನಗರದ ಹಯಾಶಿ, ಸೈತೊ ಮೊದಲಾದವರು ಇಂತಹ ಕೋಶಗಳಿಂದ ಅಂಡಾಣುಗಳನ್ನು ಪಡೆದು ಮರಿಗಳನ್ನು ಹುಟ್ಟಿಸಿದರು. 2023ರಲ್ಲಿ ಹಯಾಶಿಯವರ ತಂಡವು ಗಂಡಿಲಿಯ ಕೋಶಗಳಿಂದಲೇ ಅಂಡಾಣುಗಳನ್ನು ಮಾಡಿತು. 630 ಭ್ರೂಣಗಳಲ್ಲಿ ಮರಿಯಾದುವು 7 ಮಾತ್ರ. ಮನುಷ್ಯರ ವಿಷಯದಲ್ಲಿ 2018ರಲ್ಲಿ ಎಳೆಯ ಅಂಡಕೋಶಗಳ ಹಂತವನ್ನು ಮುಟ್ಟಲಾಯಿತು; ಈ ಮಾರ್ಗದಿಂದ ಶಿಶುವಿನ್ನೂ ಜನಿಸಿಲ್ಲ.

ಇದು ಕೈಗೂಡಿದರೆ, ವೀರ್ಯಾಣುವಾಗಲಿ ಅಂಡಾಣುವಾಗಲಿ ಇಲ್ಲದ ದಂಪತಿಗಳಿಗೂ ಸ್ವಂತ ರಕ್ತದ ಮಗುವಾದೀತು. ದೋಷವು ಗಂಡನಲ್ಲಿದ್ದರೂ ಹೆಂಡತಿಯನ್ನೇ ಬಂಜೆಯೆನ್ನುವ ನಮ್ಮ ರೂಢಿಯು ಸಡಿಲಬಹುದು. ಆದರೆ ಚರ್ಮದ ಚೂರೊಂದು ಸಾಕಾಗುವ ಕಾಲ ಬಂದರೆ, ತಾನರಿಯದೆಯೇ ತಂದೆಯಾದವನೂ ಇರಬಹುದು. ಆಗ ಬಿದನೂರಿನ ಹಕ್ಕಿನ ವ್ಯಾಜ್ಯವು ಬೇರೊಂದು ವೇಷದಲ್ಲಿ ಬಂದೀತು. ದಾನಿಯ ಅಂಡಾಣು, ವೀರ್ಯಾಣುಗಳಿಂದಾದ ಶಿಶುವನ್ನೂ ಅದನ್ನು ಬಯಸಿ ಪಡೆದ ದಂಪತಿಗಳ ಸಂತಾನವೆಂದೇ ಭಾರತದ 2021ರ ಶಾಸನವು ಎಣಿಸುತ್ತದೆ. ಚೆನ್ನಮ್ಮಾಜಿಯು ಬಸಪ್ಪನನ್ನು ಎಣಿಸಿದುದೂ ಹಾಗೆಯೇ.