ಗೂಗಲ್ ರೀಡರ್ ಹೋಯ್ತು, ಫೀಡ್ ಉಳೀತು: ಆರ್‌ಎಸ್‌ಎಸ್ ಕ್ಲಾಸ್‌ರೂಮಿಗೆ ಬಂದ ಕಥೆ

ಬಸ್ಸಲ್ಲಿದ್ದೀರೋ, ಪಾತ್ರೆ ತೊಳೀತಿದ್ದೀರೋ ಗೊತ್ತಿಲ್ಲ. ಆದ್ರೆ ಈ ಎಪಿಸೋಡ್ ನಿಮ್ಮ ಫೋನಿಗೆ ಹೇಗೆ ಬಂತು ಅಂತ ಯಾವತ್ತಾದ್ರೂ ಯೋಚನೆ ಮಾಡಿದ್ದೀರಾ? ನಾನು ನಿಮಗೆ ಲಿಂಕ್ ಕಳಿಸಿಲ್ಲ. ನಿಮ್ಮ ಪಾಡ್‌ಕಾಸ್ಟ್ ಆ್ಯಪ್‌ನಲ್ಲಿ ತಾನಾಗೇ ಕಾಣಿಸ್ತು. ಮಧ್ಯದಲ್ಲಿ ಕೆಲಸ ಮಾಡಿದ್ದು ಆರ್‌ಎಸ್‌ಎಸ್ ಫೀಡ್ ಅನ್ನೋ ಒಂದು ಪುಟ್ಟ ಫೈಲು. ಅದೇ ಫೈಲು ಒಂದು ಕಾಲದಲ್ಲಿ ಪಾಠ ಮಾಡೋ ವಿಧಾನವನ್ನೇ ಬದಲಾಯಿಸೋಕೆ ಹೊರಟಿತ್ತು. ಇವತ್ತು ಆ ಕಥೆ.

ನಾನು ಅದನ್ನ ಮೊದಲು ನೋಡಿದ್ದು 2016ರ ನವೆಂಬರ್‌ನಲ್ಲಿ, ಬಿ.ಕಾಂ ಕೊನೇ ವರ್ಷದಲ್ಲಿ. 8ನೇ ತಾರೀಖು ರಾತ್ರಿ 500, 1,000 ರೂಪಾಯಿ ನೋಟುಗಳು ರದ್ದಾದವು. ಬೆಳಗಾಗೋದ್ರೊಳಗೆ ನಮ್ಮ ಕ್ಲಾಸಿನ ವಾಟ್ಸಾಪ್ ಗ್ರೂಪ್ ತುಂಬಿ ಹೋಗಿತ್ತು. ಹೊಸ 2,000ದ ನೋಟಲ್ಲಿ ಚಿಪ್ ಇದೆ, ನೆಲದಡಿ ಹೂತಿಟ್ರೂ ಗೊತ್ತಾಗುತ್ತೆ ಅನ್ನೋ ಮೆಸೇಜ್ ನಿಮಗೂ ಬಂದಿರುತ್ತೆ. ನಾಚಿಕೆ ಬಿಟ್ಟು ಹೇಳ್ತೀನಿ, ನಾನೂ ಅದನ್ನ ಫಾರ್ವರ್ಡ್ ಮಾಡಿದ್ದೆ.

ಬ್ಯಾಂಕಿಂಗ್ ಪೇಪರ್ ತಗೋತಿದ್ದ ಸರ್ ಮಾರನೇ ವಾರ ಪ್ರೊಜೆಕ್ಟರ್ ಹಾಕಿ ಒಂದು ಫೀಡ್ ರೀಡರ್ ತೆರೆದರು. "ಫೋನ್ ಪಕ್ಕಕ್ಕಿಡ್ರಪ್ಪಾ. ರಿಸರ್ವ್ ಬ್ಯಾಂಕೇ ಏನು ಹೇಳಿದೆ ನೋಡೋಣ" ಅಂದರು. ಇದಕ್ಕೆ ಆರ್‌ಎಸ್‌ಎಸ್ ಅಂತಾರೆ ಅಂದಾಗ ಹಿಂದಿನ ಬೆಂಚಿನಿಂದ ನಗು. "ಶಾಖೆ ಅಲ್ಲಪ್ಪಾ, ಇದು ಬೇರೆ." ರಿಸರ್ವ್ ಬ್ಯಾಂಕಿನ ಅಧಿಸೂಚನೆಗಳು, ಸರ್ಕಾರದ ಪಿಐಬಿ ಪ್ರಕಟಣೆಗಳು ಒಂದರ ಕೆಳಗೊಂದು, ತಾರೀಖಿನ ಸಮೇತ ನಿಂತಿದ್ದವು. ಕೌಂಟರಿನಲ್ಲಿ ನೋಟು ಬದಲಿಸೋ ಮಿತಿ ಮೊದಲು 4,000, ಆಮೇಲೆ 4,500, ನವೆಂಬರ್ 18ರಿಂದ 2,000, 24 ಮುಗಿದ ಮೇಲೆ ಬದಲಾವಣೆಯೇ ಬಂದ್. ನಾವು ದಿನಾ ಬಂದು ಬೋರ್ಡಿನ ಮೇಲೆ ಬರೀತಿದ್ವಿ: ಯಾವ ತಾರೀಖು, ಏನು ಬದಲಾಯ್ತು, ಯಾರು ಹೇಳಿದ್ದು.

ಅದೇ ಹೊತ್ತಿಗೆ ನಮ್ಮ ದೊಡ್ಡಮ್ಮ ಅಕ್ಕಿ ಡಬ್ಬದಲ್ಲಿಟ್ಟಿದ್ದ 9,000 ರೂಪಾಯಿ ಹೊರಗೆ ಬಂತು. ಇನ್ನು ಯಾವ ಬ್ಯಾಂಕೂ ಈ ನೋಟು ಮುಟ್ಟಲ್ಲ ಅಂತ ಯಾರೋ ಹೆದರಿಸಿದ್ದರು; ನೂರಕ್ಕೆ ಇಪ್ಪತ್ತು ಕಮಿಷನ್ ಹಿಡ್ಕೊಂಡು ಬದಲಿಸಿ ಕೊಡ್ತೀನಿ ಅಂತ ಒಬ್ಬ ಕೂತಿದ್ದ. ನಿಂತಿದ್ದು ಕೌಂಟರಿನಲ್ಲಿ ಬದಲಿಸೋದು ಮಾತ್ರ, ಖಾತೆಗೆ ಕಟ್ಟೋಕೆ ಡಿಸೆಂಬರ್ 30ರವರೆಗೆ ಅವಕಾಶ ಇದೆ ಅನ್ನೋದು ನನಗೆ ಕ್ಲಾಸಿನ ಬೋರ್ಡಿಂದ ಗೊತ್ತಿತ್ತು. "ದೊಡ್ಡಮ್ಮ, ಅವನಿಗೆ ಕೊಡಬೇಡಿ, ಪಾಸ್‌ಬುಕ್ ತಗೊಳ್ಳಿ" ಅಂದೆ. 1,800 ರೂಪಾಯಿ ಉಳೀತು. ಡಿಗ್ರಿಯಿಂದ ನಮ್ಮ ಮನೆಗೆ ಬಂದ ಮೊದಲ ಆದಾಯ ಅದು.

ಸರಿ, ಈ ಫೀಡ್ ಹುಟ್ಟಿದ್ದು ಎಲ್ಲಿ? 1999ರ ಮಾರ್ಚ್‌ನಲ್ಲಿ, ಅಮೆರಿಕದ ನೆಟ್‌ಸ್ಕೇಪ್ ಕಂಪನಿಯಲ್ಲಿ. ಮಾಡಿದವರು ಡ್ಯಾನ್ ಲಿಬ್ಬಿ ಮತ್ತು ಐಐಟಿ ಮದ್ರಾಸಿನಲ್ಲಿ ಓದಿದ ಆರ್.ವಿ. ಗುಹಾ. ಬಳಕೆದಾರರು ತಮಗೆ ಬೇಕಾದ ಸುದ್ದಿಯನ್ನೆಲ್ಲ ಒಂದೇ ಪುಟದಲ್ಲಿ ನೋಡಲಿ ಅನ್ನೋದು ಉದ್ದೇಶ. ಕಾಮರ್ಸ್ ಭಾಷೆಯಲ್ಲಿ ಹೇಳ್ಬೇಕಂದ್ರೆ, ಪ್ರತಿ ವೆಬ್‌ಸೈಟೂ ತನ್ನದೊಂದು ಡೇ ಬುಕ್ ಬರೆದಿಡುತ್ತೆ: ತಲೆಬರಹ, ಲಿಂಕು, ತಾರೀಖು. ಫೀಡ್ ರೀಡರ್ ಅನ್ನೋ ಗುಮಾಸ್ತ ಆಗಾಗ ಹೋಗಿ ಎಲ್ಲರ ಡೇ ಬುಕ್ ನೋಡಿ, ಹೊಸ ಎಂಟ್ರಿಗಳನ್ನ ನಿಮ್ಮ ಲೆಡ್ಜರಿಗೆ ತಂದು ಹಾಕ್ತಾನೆ. ಅಷ್ಟೇ. 2000ದ ಕೊನೆಯಲ್ಲಿ ಡೇವ್ ವೈನರ್ ಇದಕ್ಕೆ ಆಡಿಯೊ ಫೈಲ್ ಲಗತ್ತಿಸೋ ದಾರಿ ಸೇರಿಸಿದರು, ನನ್ನ ಹೊಟ್ಟೆಪಾಡು ಅಲ್ಲಿಂದ ಶುರು. ಆವೃತ್ತಿಗಳ ಜಗಳದ ಕಥೆ ದೊಡ್ಡದು, ಬೋರ್ ಹೊಡೆಸಲ್ಲ.

ಮೇಷ್ಟ್ರುಗಳ ಕಣ್ಣಿಗೆ ಇದು ಬಿದ್ದಿದ್ದು ಒಂದು ಕಷ್ಟದಿಂದ. ಮಕ್ಕಳ ಕೈಲಿ ಬ್ಲಾಗ್ ಬರೆಸೋಕೆ ಶುರು ಮಾಡಿದ್ರು, ಆದ್ರೆ ಅಷ್ಟೊಂದು ಮಕ್ಕಳ ಪುಟಗಳನ್ನ ದಿನಾ ಒಂದೊಂದಾಗಿ ತೆರೆದು ನೋಡೋದು ಯಾರಿಂದಾಗುತ್ತೆ? ನ್ಯೂಜೆರ್ಸಿಯ ಹಂಟರ್‌ಡನ್ ಸೆಂಟ್ರಲ್ ಹೈಸ್ಕೂಲಿನ ವಿಲ್ ರಿಚರ್ಡ್‌ಸನ್ ಈ ವಿಷಯವನ್ನ ಶಿಕ್ಷಕರ ನಡುವೆ ತುಂಬ ಪ್ರಚಾರ ಮಾಡಿದವರು. 2006ರಲ್ಲಿ ಬಂದ ಅವರ ಪುಸ್ತಕದಲ್ಲಿ ಬ್ಲಾಗ್, ವಿಕಿ, ಪಾಡ್‌ಕಾಸ್ಟ್ ಜೊತೆ ಆರ್‌ಎಸ್‌ಎಸ್‌ಗೂ ಜಾಗ ಇದೆ. ಮಕ್ಕಳು ಬರೆದದ್ದೆಲ್ಲ ಮೇಷ್ಟ್ರ ರೀಡರಿಗೆ ಬರುತ್ತೆ. ಮಕ್ಕಳ ರೀಡರಿಗೆ ಅವರವರ ಪ್ರಾಜೆಕ್ಟ್ ವಿಷಯದ ಸುದ್ದಿ ಬರುತ್ತೆ.

ನನಗೆ ಇದಕ್ಕಿಂತ ಇಷ್ಟ ಆಗೋದು 2008ರ ಕೆನಡಾದ ಪ್ರಯೋಗ. ಮ್ಯಾನಿಟೋಬಾ ವಿಶ್ವವಿದ್ಯಾಲಯದ ಒಂದು ಕೋರ್ಸ್‌ನ್ನ ಜಾರ್ಜ್ ಸೀಮನ್ಸ್ ಮತ್ತು ಸ್ಟೀಫನ್ ಡೌನ್ಸ್ ಎಲ್ಲರಿಗೂ ಬಾಗಿಲು ತೆರೆದು ನಡೆಸಿದರು. ಫೀಸ್ ಕಟ್ಟಿದವರು ಸುಮಾರು 25 ಜನ. ಬಿಟ್ಟಿಯಾಗಿ ಸೇರಿದವರು 2,000ಕ್ಕೂ ಹೆಚ್ಚು! ಎಲ್ಲರೂ ಅವರವರ ಜಾಗದಲ್ಲೇ ಬರೆದರು. ಡೌನ್ಸ್ ತಾವೇ ಬರೆದ ಸಾಫ್ಟ್‌ವೇರ್ ಆ ಫೀಡ್‌ಗಳನ್ನ ಕೂಡಿಸಿ ದಿನಾ ಒಂದು ಇಮೇಲ್ ಪತ್ರಿಕೆ ಕಳಿಸ್ತಿತ್ತು. ಮೂಕ್ ಅನ್ನೋ ಪದ ಹುಟ್ಟಿದ್ದೇ ಈ ಕೋರ್ಸಿನ ಸುತ್ತ. ಈಗ ಮೂಕ್ ಅಂದ್ರೆ ವಿಡಿಯೊ, ಕ್ವಿಜ್, ಸರ್ಟಿಫಿಕೇಟ್, ಮೊದಲನೆಯದು ಹಾಗಿರಲಿಲ್ಲ. ವರ್ಜೀನಿಯಾದ ಮೇರಿ ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ ಜಿಮ್ ಗ್ರೂಮ್ ನಡೆಸಿದ ಡಿಎಸ್106 ಕೋರ್ಸ್ ಇನ್ನೊಂದು ಹೆಜ್ಜೆ ಮುಂದೆ ಹೋಯ್ತು: ವಿದ್ಯಾರ್ಥಿಗೆ ಸ್ವಂತ ಡೊಮೈನ್, ಕೋರ್ಸಿನ ಪುಟಕ್ಕೆ ಬರೋದು ಫೀಡ್ ಮೂಲಕ ಬಂದ ಪ್ರತಿ. ಅಂದ್ರೆ ಸೆಮಿಸ್ಟರ್ ಮುಗಿದು ಕಾಲೇಜಿನ ಲಾಗಿನ್ ಬಂದಾದ್ರೂ ನೀನು ಬರೆದದ್ದು ನಿನ್ನ ಹತ್ರಾನೇ. ನಾನು ಮೂರು ವರ್ಷ ಕಾಲೇಜಿನ ಪೋರ್ಟಲ್ಲಿಗೆ ಹಾಕಿದ ಅಸೈನ್‌ಮೆಂಟ್‌ಗಳಲ್ಲಿ ಒಂದೂ ಇವತ್ತು ನನ್ನ ಹತ್ರ ಇಲ್ಲ.

ಆಮೇಲೆ ಬಂತು 2013. 2005ರಲ್ಲಿ ಶುರುವಾಗಿದ್ದ ಗೂಗಲ್ ರೀಡರ್‌ನ್ನ ಬಳಸೋರು ಕಡಿಮೆಯಾದ್ರು ಅಂತ ಮಾರ್ಚ್‌ನಲ್ಲಿ ಘೋಷಿಸಿ ಜುಲೈ 1ಕ್ಕೆ ಮುಚ್ಚಿದರು. ಲಕ್ಷಕ್ಕೂ ಹೆಚ್ಚು ಜನ ಬೇಡ ಅಂತ ಸಹಿ ಹಾಕಿದ್ರೂ ಉಪಯೋಗ ಆಗ್ಲಿಲ್ಲ. ಆದ್ರೆ ಮುಚ್ಚಿದ್ದು ಅಂಗಡಿ ಮಾತ್ರ. ನಿಮ್ಮ ಫೀಡ್‌ಗಳ ಪಟ್ಟಿಯನ್ನ ಒಪಿಎಂಎಲ್ ಅನ್ನೋ ಒಂದೇ ಫೈಲಾಗಿ ಇಳಿಸಿಕೊಂಡು ಫೀಡ್ಲಿಗೋ ಇನೋರೀಡರ್‌ಗೋ ಹಾಕಿದ್ರೆ ಕಥೆ ಮುಂದುವರೀತಿತ್ತು. ಇನ್‌ಸ್ಟಾಗ್ರಾಂ ನಾಳೆ ಮುಚ್ಚಿದ್ರೆ ನೀವು ಫಾಲೋ ಮಾಡೋರನ್ನೆಲ್ಲ ಹೀಗೆ ಇನ್ನೊಂದು ಆ್ಯಪ್‌ಗೆ ಎತ್ಕೊಂಡು ಹೋಗೋಕಾಗುತ್ತಾ?

ಅತಿಯಾಗಿ ಹೊಗಳ್ತಿದ್ದೀನಿ ಅನ್ಸುತ್ತೆ, ನಿಲ್ಲಿಸ್ತೀನಿ. ನಮ್ಮ ಕ್ಲಾಸಲ್ಲೂ ಎರಡು ತಿಂಗಳಾದ ಮೇಲೆ ರೀಡರ್ ತೆರೀತಿದ್ದೋರು ಐದಾರು ಜನ. ಓದದೇ ಬಿಟ್ಟ ಐಟಂಗಳ ಲೆಕ್ಕ ಸಾವಿರ ದಾಟಿದಾಗ ಪಾಠ ಬಾಕಿ ಉಳಿಸಿಕೊಂಡಷ್ಟೇ ಭಯ. ಇನ್ನೊಂದು ವಿಷಯ, ನಾವು ನೋಡಿದ್ದು ಸರ್ ಆರಿಸಿದ್ದನ್ನ ಮಾತ್ರ. ಎಲ್ಲ ಸರ್ಕಾರದ್ದು, ಬ್ಯಾಂಕಿನದು. ಎಟಿಎಂ ಕ್ಯೂನಲ್ಲಿ ನಿಂತವರ ಮಾತು ಒಂದೂ ಆ ಪಟ್ಟಿಯಲ್ಲಿರಲಿಲ್ಲ. ಆದ್ರೂ ಯಾರು ಆರಿಸಿದ್ದು ಅಂತ ಗೊತ್ತಿತ್ತಲ್ಲ, ಹೋಗಿ ಕೇಳಬಹುದಿತ್ತು. ಒಬ್ಬಳು ಕೇಳಿದಳು ಕೂಡ. ಮಾರನೇ ದಿನ ಎರಡು ದಿನಪತ್ರಿಕೆಗಳ ಫೀಡ್ ಸೇರಿಸಿದರು.

ಹೋದ ತಿಂಗಳು ನನ್ನ ಜೂನಿಯರ್ ಒಬ್ಬಳು ಫೋನ್ ಮಾಡಿದ್ದಳು, ಈಗ ಪಿಯು ಕಾಲೇಜಲ್ಲಿ ಅಕೌಂಟೆನ್ಸಿ ಪಾಠ ಮಾಡ್ತಾಳೆ. "ಅಣ್ಣಾ, ಆ ಸರ್ ಕೊಟ್ಟಿದ್ದ ಫೈಲ್ ಇದ್ಯಾ?" ಹಳೇ ಪೆನ್‌ಡ್ರೈವ್‌ನಲ್ಲಿತ್ತು. ಹನ್ನೊಂದು ಫೀಡ್‌ಗಳಲ್ಲಿ ನಾಲ್ಕು ಸತ್ತಿವೆ, ಏಳು ಇನ್ನೂ ಬರ್ತಿವೆ. ಫೈಲನ್ನ ವಾಟ್ಸಾಪಲ್ಲೇ ಕಳಿಸಿದೆ, ನಗಬೇಡಿ. ಮುಂದಿನ ವಾರ ಸಿಗ್ತೀನಿ.