ಗಾಜಿನ ಮನೆ ಮತ್ತು ದೋಷಿಯವರ ಕಾರಿಡಾರ್

ಮಲ್ಲತ್ತಹಳ್ಳಿ ಕೆರೆ ಕಡೆ ಒಂದು ರೌಂಡ್ ಹೊಡೀರಿ. ಥರ್ಟಿ-ಫಾರ್ಟಿ ಸೈಟಲ್ಲೂ ಮುಂಭಾಗ ಪೂರ್ತಿ ಗಾಜು ಹಾಕಿಸಿರೋ ಮನೆ ಸಿಕ್ಕರೆ ಆಶ್ಚರ್ಯ ಇಲ್ಲ. ನೋಡೋಕೆ ಜೋರು. ಆದ್ರೆ ಪಶ್ಚಿಮದ ಬಿಸಿಲು ಬಿದ್ದರೆ ಒಳಗೆ ಬೇಯಬೇಕು. ಹೊಸತನ ಬೇಕು ಅಂದ್ರೆ ಅನುಕೂಲ ಬಿಡಲೇಬೇಕಾ?

ಊರಿನ ಇನ್ನೊಂದು ತುದಿ, ಬನ್ನೇರುಘಟ್ಟ ರಸ್ತೆಗೆ ಹೋಗೋಣ. 'ತ್ರೀ ಈಡಿಯಟ್ಸ್' ಸಿನಿಮಾದ ಕಾಲೇಜು ನೆನಪಿದೆಯಲ್ಲ? ಅದು ನಮ್ಮ ಐಐಎಂ ಬೆಂಗಳೂರು. 1970ರ ದಶಕದಲ್ಲಿ ಅದರ ವಿನ್ಯಾಸ ಶುರು ಮಾಡಿದವರು ಅಹಮದಾಬಾದಿನ ಬಿ.ವಿ. ದೋಷಿ. ಪ್ಯಾರಿಸ್‌ನಲ್ಲಿ ಲ ಕಾರ್ಬೂಸಿಯೆ ಹತ್ತಿರ ಪಳಗಿದವರು.

ಅವರ ಧೈರ್ಯ ಕಾಣೋದು ಕಾರಿಡಾರಿನಲ್ಲಿ. ಬರೀ ನಡೆದು ಹೋಗೋ ಜಾಗವನ್ನ ಕೆಲವು ಕಡೆ ಮೂರು ಅಂತಸ್ತಿನ ಎತ್ತರಕ್ಕೆ ಏರಿಸಿದರು. ಒಂದು ಕಡೆ ಆಕಾಶಕ್ಕೆ ತೆರೆದಿದೆ, ಇನ್ನೊಂದು ಕಡೆ ಬಳ್ಳಿ ಹಬ್ಬೋ ಚಪ್ಪರ. ಪಾಠ ಕ್ಲಾಸಿನ ಹೊರಗೂ ನಡೀಬೇಕು, ಹುಡುಗರು ನಿಂತು ಮಾತಾಡಬೇಕು ಅನ್ನೋದು ಯೋಚನೆ. ಅಷ್ಟು ಜಾಗ 'ವೇಸ್ಟ್' ಅಂತ ಇವತ್ತಿನ ಬಿಲ್ಡರ್ ಖಂಡಿತ ಅನ್ನುತ್ತಾನೆ!

ಆದ್ರೆ ಇದು ಹುಚ್ಚು ಸಾಹಸ ಅಲ್ಲ. ಬೆಂಗಳೂರಿನ ತಂಪು ಹವೆ ನಂಬಿ ಮಾಡಿದ ಲೆಕ್ಕ. ಅಹಮದಾಬಾದಿನ ಬೇಸಿಗೆಯಲ್ಲಿ ಇದು ಕಷ್ಟ. ಗೋಡೆಗೆ ಇಲ್ಲಿನದೇ ಒರಟು ಬೂದು ಕಲ್ಲು. ಪ್ಲಾಸ್ಟರ್ ಬೇಡ, ವರ್ಷ ವರ್ಷ ಬಣ್ಣವೂ ಬೇಡ.

2018ರಲ್ಲಿ ದೋಷಿಯವರಿಗೆ ಪ್ರಿಟ್ಜ್‌ಕರ್ ಪ್ರಶಸ್ತಿ ಬಂತು, ಭಾರತೀಯರೊಬ್ಬರಿಗೆ ಅದೇ ಮೊದಲು. ಮಳೆ ಬಂದ್ರೆ ಆ ಕಾರಿಡಾರುಗಳಲ್ಲಿ ಅಲ್ಲಲ್ಲಿ ನೆನೀಬೇಕು, ಅದೂ ನಿಜ. ಸಿನಿಮಾ ಇನ್ನೊಮ್ಮೆ ಹಾಕಿದಾಗ ಹೀರೋಗಳನ್ನ ಬಿಟ್ಟು ಅವರ ತಲೆ ಮೇಲೇನಿದೆ ನೋಡಿ.