ಕುದುರೆಯ ಹೊಟ್ಟೆಪಟ್ಟಿ

ಸಂಪಾಜೆ ಎಂಬ ಹೆಸರಿನ ಊರುಗಳು ಎರಡು ಉಂಟು. ಒಂದು ಸುಳ್ಯ ತಾಲ್ಲೂಕಿನದು, ಇನ್ನೊಂದು ಕೊಡಗಿನದು. ನಡುವೆ ಜಿಲ್ಲೆಯ ಗಡಿ. ಮಂಗಳೂರಿನಿಂದ ಬಂದ ಹಾದಿ ಇಲ್ಲಿಂದ ಮಡಿಕೇರಿಯ ಕಡೆಗೆ ಏರುತ್ತದೆ. ಬಸ್ಸಿನಲ್ಲಿ ಕುಳಿತು ಹತ್ತುವವರಿಗೆ ಘಟ್ಟವೆಂದರೆ ತಿರುವುಗಳು, ಹೆಚ್ಚೆಂದರೆ ಹೊಟ್ಟೆ ತೊಳಸುವಿಕೆ. ಬೆನ್ನಿನ ಮೇಲೆ ಜೀನು ಹೊತ್ತ ಕುದುರೆಗೆ ಹಾಗಲ್ಲ. ಏರುವಾಗ ಜೀನು ಹಿಂದಕ್ಕೆ ಜಾರುತ್ತದೆ. ಇಳಿಯುವಾಗ ಹೆಗಲಿನ ಮೇಲೆ ಬರುತ್ತದೆ. ಹಿಂದೆ ಜಾರದಂತೆ ಎದೆಪಟ್ಟಿ, ಮುಂದೆ ಜಾರದಂತೆ ಬಾಲಪಟ್ಟಿ. ಇವೆರಡರ ನಡುವೆ ಜೀನನ್ನು ಬೆನ್ನಿನ ಮೇಲೆ ಭದ್ರವಾಗಿ ನಿಲ್ಲಿಸುವುದು ಹೊಟ್ಟೆಯ ಕೆಳಗೆ ಹಾಯುವ ಪಟ್ಟಿ. ಸವಾರನ ಪ್ರಾಣ ಅಂಗೈ ಅಗಲದ ಈ ಪಟ್ಟಿಯಲ್ಲಿದೆ. ಕುದುರೆಯ ಉಸಿರೂ ಅದರಲ್ಲೇ ಇದೆ. ಈ ಎರಡರ ನಡುವಣ ವ್ಯಾಜ್ಯವೇ ಅದರ ಚರಿತ್ರೆಯೆಂದು ನನಗೆ ತೋರುತ್ತದೆ.

ಜೀನಿಗೆ ನಮ್ಮ ಹಳೆಯ ಕವಿಗಳ ಮಾತು ಹಲ್ಲಣ. ಸಂಸ್ಕೃತದ ಪರ್ಯಾಣದ ತದ್ಭವ. ಹೊಟ್ಟೆಪಟ್ಟಿಗೆ ಪಾರಸಿಯಿಂದ ಹಿಂದೂಸ್ತಾನಿಗೆ ಬಂದ ಹೆಸರು ತಂಗ್. ಅದೇ ಮಾತಿಗೆ ಬಿಗಿ, ಇಕ್ಕಟ್ಟು ಎಂಬ ಅರ್ಥಗಳೂ ಉಂಟು. ಹೀಗೆ ಹೆಸರಿನಲ್ಲೇ ಬಿಗಿತ ಸೇರಿಕೊಂಡಿದೆ. ಪಟ್ಟಿ ಬಿಗಿದಷ್ಟೂ ಸವಾರ ಕ್ಷೇಮ ಎಂಬ ನಂಬಿಕೆಯೂ ಸುಲಭವಾಗಿ ಬೇರೂರುವಂಥದೇ.

ನಮ್ಮ ನಾಡಿನವರು ಕುದುರೆಯನ್ನು ಅಲಕ್ಷ್ಯ ಮಾಡಿದವರಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ಹನ್ನೆರಡನೆಯ ಶತಮಾನದಲ್ಲಿ ಬರೆದ ‘ಮಾನಸೋಲ್ಲಾಸ’ದಲ್ಲಿ ಕುದುರೆಯ ವಿನೋದಕ್ಕೆ ಪ್ರತ್ಯೇಕ ಸ್ಥಾನ ಕೊಟ್ಟಿದ್ದಾನೆ. ಸುಮಾರು 1400ರಲ್ಲಿ ಅಭಿನವಚಂದ್ರ ಕನ್ನಡದಲ್ಲೇ ‘ಅಶ್ವವೈದ್ಯ’ವನ್ನು ಬರೆದ. ಹಳೇಬೀಡಿನ ಗುಡಿಯ ಅಡಿಪಟ್ಟಿಕೆಗಳಲ್ಲಿ ಆನೆಗಳ ಸಾಲಿನ ಮೇಲೆ ಕುದುರೆ ಸವಾರರ ಸಾಲೂ ಇದೆ. ಕರಾವಳಿಯ ಬಂದರುಗಳಲ್ಲಿ ಇಳಿದ ಅರಬ್ಬೀ ಕುದುರೆ ಬಯಲುಸೀಮೆಯ ರಾಜಧಾನಿಯನ್ನು ಮುಟ್ಟಬೇಕಾದರೆ ಯಾವುದಾದರೊಂದು ಘಟ್ಟವನ್ನು ಹತ್ತಲೇಬೇಕಿತ್ತು. ಅದರ ಬೆಲೆಯಾದರೂ ಎಷ್ಟು! ಹದಿನಾರನೆಯ ಶತಮಾನದ ಪೋರ್ಚುಗೀಸ್ ಕುದುರೆ ವ್ಯಾಪಾರಿ ನೂನಿಜ್ ಹೇಳುವಂತೆ, ಸಾಳುವ ನರಸಿಂಹ ಸಾವಿರ ಪರ್ದಾವು ನಾಣ್ಯಕ್ಕೆ ಮೂರರಂತೆ ಕುದುರೆ ಕೊಳ್ಳುತ್ತಿದ್ದ. ಹಡಗಿನಲ್ಲೇ ಸತ್ತವುಗಳ ಬಾಲವನ್ನು ತಂದು ತೋರಿಸಿದರೂ ಪೂರ್ತಿ ಹಣ ಕೊಡುತ್ತಿದ್ದ. ಸತ್ತ ಕುದುರೆಗೂ ಹಣ ಕೊಟ್ಟ ನಾಡು ಇದು.

ಮುಂದೆ ನಮ್ಮವರ ಕುದುರೆಗಳು ಹತ್ತಿದ ಬೆಟ್ಟವೊಂದು ಸಮುದ್ರದಾಚೆಯದು. 1918ರ ಸೆಪ್ಟೆಂಬರ್ 23ರಂದು ಪ್ಯಾಲೆಸ್ಟೈನಿನ ಹೈಫಾ ಪಟ್ಟಣದ ಮೇಲೆ ಜೋಧಪುರದ ಮತ್ತು ಮೈಸೂರಿನ ಲಾನ್ಸರ್ ದಳಗಳು ಏರಿ ಹೋದವು. ಜೋಧಪುರದವರು ಊರಿಗೆ ನುಗ್ಗಿದರೆ, ಮೈಸೂರಿನ ಒಂದು ತುಕಡಿ ಕಾರ್ಮೆಲ್ ಬೆಟ್ಟದ ಕಡಿದಾದ ಕಲ್ಲುದಾರಿಯನ್ನು ಹತ್ತಿ ಅಲ್ಲಿದ್ದ ತೋಪುಗಳನ್ನು ಹಿಡಿಯಿತು. ಶೌರ್ಯದ ಮಾತು ಬಂದಾಗ ನಾವು ಭರ್ಜಿಯನ್ನು ನೆನೆಯುತ್ತೇವೆ. ಅಂಥ ಏರಿನಲ್ಲಿ ಪಟ್ಟಿ ಸಡಿಲವಾದರೆ ಭರ್ಜಿ ಹಿಡಿದವನು ಕುದುರೆಯ ಹೊಟ್ಟೆಯಡಿಗೆ ಹೋಗುತ್ತಾನೆಂಬುದನ್ನು ನೆನೆಯುವವರು ಕಡಮೆ. ಮೈಸೂರು ಲಾನ್ಸರ್ಸ್ ದಳವು ಬಳಿಕ, 1953ರಲ್ಲಿ, ಇತರ ಸಂಸ್ಥಾನಗಳ ರಾವುತರೊಡನೆ ಭಾರತ ಸೇನೆಯ 61ನೇ ಕ್ಯಾವಲ್ರಿಯಲ್ಲಿ ಕೂಡಿಕೊಂಡಿತು.

ಯುದ್ಧದಿಂದ ಕುದುರೆ ಕ್ರೀಡಾಂಗಣಕ್ಕೆ ಬಂದಾಗ ಪಟ್ಟಿಯ ಕೆಲಸವೂ ಬದಲಾಯಿತು. ಮೊದಲು ಸವಾರರು ಬೇಲಿ ದಾಟುವಾಗ ಹಿಂದಕ್ಕೆ ವಾಲುತ್ತಿದ್ದರು. ಇಟಲಿಯ ಸೈನ್ಯಾಧಿಕಾರಿ ಫೆಡೆರಿಕೊ ಕಾಪ್ರಿಲ್ಲಿ (1868–1907) ಮುಂದಕ್ಕೆ ಬಾಗಿ, ಕುದುರೆಯ ಬೆನ್ನನ್ನು ಅದರ ಪಾಡಿಗೆ ಬಿಡುವುದನ್ನು ಕಲಿಸಿದ. ಬೆನ್ನು ಬಿಡುವಾದ ಕುದುರೆ ಮುಂಗಾಲುಗಳನ್ನು ಚೆನ್ನಾಗಿ ಮಡಿಸಿ ಎತ್ತರಕ್ಕೆ ಹಾರುತ್ತದೆ. ಹೀಗೆ ಮಡಿಸಿದಾಗ ಲಾಳ ಒಮ್ಮೊಮ್ಮೆ ಅದರ ಎದೆಯೆಲುಬಿಗೇ ಬಡಿಯುತ್ತದೆ. ಹುಲ್ಲಿನ ಮೇಲೆ ಜಾರದಿರಲೆಂದು ಲಾಳಕ್ಕೆ ತಿರುಪಿನ ಮೊಳೆ ಹಾಕಿದ್ದರಂತೂ ಗಾಯವೇ. ಆದುದರಿಂದ ಜಿಗಿಯುವ ಕುದುರೆಯ ಪಟ್ಟಿಗೆ ನಡುವೆ ಗುರಾಣಿಯಂತೆ ಅಗಲವಾದ ತೊಗಲನ್ನು ಹೊಲಿದರು.

ಹೊಡೆತದಿಂದ ರಕ್ಷಣೆ ಸಿಕ್ಕಿತು, ಬಿಗಿತದಿಂದ ಸಿಕ್ಕಿತೇ? ಕುದುರೆಗೆ ಹೆಗಲಿನ ಅಡ್ಡೆಲುಬು ಇಲ್ಲ. ಎದೆಗೂಡು ಮುಂಗಾಲುಗಳ ನಡುವೆ ಬರಿಯ ಸ್ನಾಯುಗಳ ತೊಟ್ಟಿಲಲ್ಲಿ ತೂಗುತ್ತದೆ. ಪಟ್ಟಿ ಬೀಳುವುದು ಆ ಸ್ನಾಯುಗಳ ಮೇಲೆಯೇ. ನಾಗಾಲೋಟದಲ್ಲಿ ಅದು ಒಂದು ನೆಗೆತಕ್ಕೆ ಒಂದು ಉಸಿರಿನಂತೆ ಲೆಕ್ಕ ಹಿಡಿದು ಉಸಿರಾಡುತ್ತದೆ. 1999ರಲ್ಲಿ ಪ್ರಕಟವಾದ ಆಸ್ಟ್ರೇಲಿಯದ ಪ್ರಯೋಗವೊಂದರಲ್ಲಿ ಪಟ್ಟಿ ಬಿಗಿದಷ್ಟೂ ಪಂದ್ಯದ ಕುದುರೆಗಳು ಬೇಗ ದಣಿದವು. 2013ರಲ್ಲಿ ಇಂಗ್ಲೆಂಡಿನವರು ಪಟ್ಟಿಯ ಕೆಳಗೆ ಒತ್ತಡ ಅಳೆಯುವ ಹಾಸನ್ನಿಟ್ಟು ನೋಡಿದರು. ಒತ್ತಡ ಹೆಚ್ಚಾಗಿದ್ದುದು ಎದೆಯೆಲುಬಿನ ಮೇಲಲ್ಲ, ಮೊಣಕೈಯ ಹಿಂದೆ! ಅಲ್ಲಿ ಬಿಡುವು ಕೊಟ್ಟ ಪಟ್ಟಿಯನ್ನು ಕಟ್ಟಿದಾಗ ಕುದುರೆ ಕಾಲನ್ನು ಮುಂದಕ್ಕೆ ಹೆಚ್ಚು ಚಾಚಿತು, ಹೆಚ್ಚು ಮಡಿಸಿತು.

ಹಾಗಾದರೆ ಆರಿಸುವುದು ಹೇಗೆ? ಮೊಣಕೈಯ ಹಿಂದೆ ಒಳಕ್ಕೆ ಬಾಗಿಸಿ ಕತ್ತರಿಸಿದ್ದು, ನಡುವೆ ಅಗಲವಾಗಿ ಭಾರವನ್ನು ಹರಡುವಂಥದು ಒಳ್ಳೆಯದು. ರಬ್ಬರಿನ ಹಿಗ್ಗುಪಟ್ಟಿ ಇದ್ದರೆ ಎರಡೂ ತುದಿಗಳಲ್ಲಿ ಸಮನಾಗಿರಲಿ. ಒಂದೇ ಕಡೆ ಇದ್ದರೆ ಜೀನು ವಾಲುತ್ತದೆ. ನಿಯೋಪ್ರೀನ್ ತೊಳೆಯಲು ಸುಲಭ, ಆದರೆ ಸೆಕೆಯ ಊರಿನಲ್ಲಿ ಬೆವರನ್ನು ಹಿಡಿದಿಡುತ್ತದೆ. ತೊಗಲು ಮೃದುವಾಗಿರಬೇಕಾದರೆ ಎಣ್ಣೆ ಬೇಕು. ಕುರಿಯ ಉಣ್ಣೆಯ ಒಳಪದರು ಹಿತ, ಆದರೆ ಶುಚಿಯಾಗಿಡಬೇಕು. ಹೊಡೆತ ಬೀಳದ ಕುದುರೆಗೆ ಗುರಾಣಿ ಬರಿಯ ಭಾರ. ಕಟ್ಟುವಾಗ ಒಮ್ಮೆಲೇ ಬಿಗಿಯದೆ, ಒಂದೊಂದೇ ರಂಧ್ರ ಏರಿಸಿ, ಮುಂಗಾಲುಗಳನ್ನು ಮುಂದಕ್ಕೆಳೆದು ಚರ್ಮದ ಸುಕ್ಕು ಬಿಡಿಸಿ, ಸ್ವಲ್ಪ ನಡೆಸಿದ ಬಳಿಕ ಮತ್ತೊಮ್ಮೆ ನೋಡಬೇಕು.

ಬೆಂಗಳೂರಿನ ಫವಾದ್ ಮಿರ್ಜಾ 2018ರ ಏಷ್ಯನ್ ಕ್ರೀಡಾಕೂಟದಲ್ಲಿ ಎರಡು ಬೆಳ್ಳಿ ಗೆದ್ದು, 2021ರಲ್ಲಿ ನಡೆದ ಟೋಕಿಯೋ ಒಲಿಂಪಿಕ್ಸ್‌ನಲ್ಲಿ 23ನೆಯವರಾಗಿ ಮುಗಿಸಿದರು. ಪತ್ರಿಕೆಗಳಲ್ಲಿ ಬಂದ ಚಿತ್ರಗಳಲ್ಲಿ ನಾವು ನೋಡಿದ್ದು ಸವಾರನನ್ನು ಮತ್ತು ಗಾಳಿಯಲ್ಲಿ ನಿಂತ ಕುದುರೆಯನ್ನು. ಪಟ್ಟಿಯತ್ತ ಕಣ್ಣು ಹೋಗುವುದಿಲ್ಲ. ಅದು ಸರಿಯಿಲ್ಲದಾಗ ಹೇಳುವ ಬಾಯಿಯೂ ಕುದುರೆಗಿಲ್ಲ. ಕಿವಿಯನ್ನು ಹಿಂದಕ್ಕೆ ಮಡಿಸುತ್ತದೆ. ಪಟ್ಟಿ ಎಳೆಯುವ ಕೈಯನ್ನು ಕಚ್ಚಲು ಬರುತ್ತದೆ. ಇದನ್ನು ತುಂಟತನವೆಂದು ಬೆತ್ತ ಎತ್ತುವವರುಂಟು. ಬೆತ್ತವನ್ನು ಬದಿಗಿಟ್ಟು, ಪಟ್ಟಿಯ ಒಳಗೆ ಎರಡು ಬೆರಳು ತೂರಿಸಿ ನೋಡಿದರೆ ಎಷ್ಟೋ ಸಲ ಉತ್ತರ ಅಲ್ಲೇ ಸಿಗುತ್ತದೆ.